ಊಟ ಬಿಟ್ಟ ಬಿಯರ್ಡೆಡ್ ಡ್ರ್ಯಾಗನ್‌ಗೆ ಯಾವ ದೀಪ? ಟಿ5 ಯುವಿಬಿ ಕಿಟ್ ವಿಮರ್ಶೆ

ಮನೆಯಲ್ಲಿ ಸಾಕುವ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಹುಳು ಮುಟ್ಟದೆ ಕಣ್ಣು ಮುಚ್ಚಿ ಕೂತರೆ ಹೆಚ್ಚಿನವರು ಮೊದಲು ಹುಳು ಬದಲಿಸಿ ನೋಡುತ್ತಾರೆ. ಕ್ರಿಕೆಟ್ ಬಿಟ್ಟು ಸೂಪರ್‌ವರ್ಮ್, ಅದೂ ಬೇಡವೆಂದರೆ ಡುಬಿಯಾ ಜಿರಳೆ, ಕೊನೆಗೆ ವಿಟಮಿನ್ ಹನಿ. ಬಹಳ ಸಲ ಬದಲಾಗಬೇಕಾದ್ದು ತಲೆ ಮೇಲಿನ ದೀಪ. ಹುಬ್ಬಳ್ಳಿ-ಧಾರವಾಡದಲ್ಲಿ ಈ ದೂರು ವರ್ಷಕ್ಕೆ ಎರಡು ಸಲ ಜೋರಾಗುತ್ತದೆ. ಒಂದು, ಜುಲೈ-ಆಗಸ್ಟ್‌ನಲ್ಲಿ ವಾರಗಟ್ಟಲೆ ಮೋಡ ಮುಚ್ಚಿಕೊಂಡು ಜಿಟಿಜಿಟಿ ಮಳೆ ಹಿಡಿದಾಗ. ಇನ್ನೊಂದು, ಡಿಸೆಂಬರ್-ಜನವರಿಯ ಚಳಿಯಲ್ಲಿ. ಎರಡೂ ಹೊತ್ತಿನಲ್ಲಿ ಕೋಣೆಯ ಬೆಳಕು, ಶಾಖ ಇಳಿದಿರುತ್ತವೆ. ಬೇಸಿಗೆಯಲ್ಲಿ ಹೇಗೋ ಸಾಕಾಗುತ್ತಿದ್ದ ದೀಪದ ಬಡತನ ಆಗ ಬಯಲಿಗೆ ಬರುತ್ತದೆ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಮುಖ್ಯವಾಗಿ ಉದ್ದನೆಯ ಟಿ5 ಎಚ್‌ಓ (ತೆಳು, ಹೆಚ್ಚು ಬಲದ) ಯುವಿಬಿ (ಅತಿನೇರಳೆ ಬಿ ಕಿರಣದ) ಟ್ಯೂಬ್‌ಗಳನ್ನು: ಬ್ರಿಟನ್ನಿನ ಆರ್ಕೇಡಿಯಾ ಕಂಪನಿಯ ಪ್ರೋಟಿ5 ಕಿಟ್ ಮತ್ತು ಅಮೆರಿಕದ ಝೂ ಮೆಡ್ ಕಂಪನಿಯ ರೆಪ್ಟಿಸನ್ 10.0 ಟಿ5 ಎಚ್‌ಓ. ಆನ್‌ಲೈನಿನಲ್ಲೂ ಪೆಟ್ ಅಂಗಡಿಗಳಲ್ಲೂ ಇವಕ್ಕೆ ಪೈಪೋಟಿಯಾಗಿ ಸಿಗುವ ಸುರುಳಿ ಬಲ್ಬ್, ಮರ್ಕ್ಯುರಿ ವೇಪರ್ ಬಲ್ಬ್‌ಗಳನ್ನೂ ಪಕ್ಕದಲ್ಲಿಟ್ಟು ನೋಡೋಣ. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಒಂದೇ ಒಂದು ವಸ್ತುವಿಗೆ ದುಡ್ಡು ಹಾಕುವುದಿದ್ದರೆ ಪ್ರತಿಫಲಕ ಇರುವ ಟಿ5 ಎಚ್‌ಓ ಕಿಟ್‌ಗೆ ಹಾಕಿ.

ಈ ಪ್ರಾಣಿಯ ಮೂಲ ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿ. ಅದರ ಮೈಶಾಖ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಮಾತ್ರ ಕರುಳು ಸರಿಯಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ತೀರಾ ತಂಪಾದರೆ ತಿಂದದ್ದು ಅರಗದೆ ಹೊಟ್ಟೆಯಲ್ಲೇ ಕೊಳೆಯಲು ತೊಡಗುತ್ತದೆ. ತಂಪಿನಲ್ಲಿರುವ ಡ್ರ್ಯಾಗನ್ ಊಟ ಬೇಡವೆನ್ನುವುದು ಹಟವಲ್ಲ, ಅದರ ದೇಹ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಇನ್ನು ಯುವಿಬಿ ಕಿರಣ, ಅಂದರೆ 290ರಿಂದ 315 ನ್ಯಾನೋಮೀಟರ್ ಆಸುಪಾಸಿನದು, ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗಲು ಬೇಕು. ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಕರುಳಿನ ಸ್ನಾಯುಗಳೂ ಸೋಲುತ್ತವೆ, ಮಲ ಕಟ್ಟುತ್ತದೆ, ಹಸಿವು ಹೋಗುತ್ತದೆ. ಮೂಳೆ ಮೆತ್ತಗಾಗುವುದು, ದವಡೆ ಬಾಗುವುದು, ಬೆರಳು ನಡುಗುವುದು ಆಮೇಲಿನ ಮಾತು. ಹಸಿವು ಹೋಗುವುದು ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಮೂರನೆಯದು ಯುವಿಎ. ಈ ಹಲ್ಲಿಗಳು ನಮ್ಮ ಕಣ್ಣಿಗೆ ಕಾಣದ ಯುವಿಎ ಬೆಳಕನ್ನೂ ನೋಡಬಲ್ಲವು, ಅದಿಲ್ಲದಿದ್ದರೆ ಅವುಗಳ ಪಾಲಿಗೆ ಹುಳು, ಸೊಪ್ಪಿನ ಬಣ್ಣವೇ ಬೇರೆ.

ಹಾಗಾಗಿ ಶಾಖದ ದೀಪ ಬೇರೆ, ಯುವಿಬಿ ದೀಪ ಬೇರೆ, ಎರಡೂ ಒಂದೇ ಜಾಗದ ಮೇಲೆ ಬೀಳಬೇಕು. ಡ್ರ್ಯಾಗನ್ ಬಿಸಿಲು ಕಾಯಿಸಿಕೊಳ್ಳುವ ಕಲ್ಲಿನ ಮೇಲೆ ಶಾಖ, ಯುವಿಬಿ, ಬೆಳಕು ಮೂರೂ ಕೂಡಿ ಸಿಗಬೇಕು. ಇನ್ನೊಂದು ತುದಿಯಲ್ಲಿ ಮೂರೂ ಇಲ್ಲದ ನೆರಳು ಇರಬೇಕು. ಟ್ಯೂಬನ್ನು ತಂಪಿನ ಬದಿಗೂ ಬಲ್ಬನ್ನು ಬಿಸಿ ಬದಿಗೂ ಹಾಕಿದರೆ ಪ್ರಾಣಿ ಶಾಖ ಹುಡುಕಿಕೊಂಡು ಹೋಗಿ ಯುವಿಬಿ ಇಲ್ಲದೆ ದಿನ ಕಳೆಯುತ್ತದೆ. ಮನೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು. ಖರ್ಚಿಲ್ಲದೆ ಸರಿಪಡಿಸಬಹುದಾದ ತಪ್ಪೂ ಹೌದು.

ಆರ್ಕೇಡಿಯಾ ಪ್ರೋಟಿ5 ಕಿಟ್‌ನ ದೊಡ್ಡ ಗುಣ, ಟ್ಯೂಬ್, ಬ್ಯಾಲಾಸ್ಟ್ (ಟ್ಯೂಬಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಸಾಧನ), ಪ್ರತಿಫಲಕ ಮೂರೂ ಒಟ್ಟಿಗೆ ಬರುತ್ತವೆ. ಬ್ರಿಟನ್ನಿನ ವಿದ್ಯುತ್ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್ ಆದ್ದರಿಂದ ನೇರ ಹಾಕಬಹುದು. ಅಲ್ಲಿನ ಚೌಕ ಪಿನ್‌ನ ಪ್ಲಗ್ ಬಂದರೆ ಕನ್ವರ್ಟರ್ ಪ್ಲಗ್ ಸಾಕು. 24 ವ್ಯಾಟ್‌ನದು 22 ಇಂಚಿನ ಟ್ಯೂಬ್, 39 ವ್ಯಾಟ್‌ನದು 34 ಇಂಚು. ದೊಡ್ಡ ಡ್ರ್ಯಾಗನ್‌ಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪಂಜರ ಬೇಕು. ಅದಕ್ಕೆ 39 ವ್ಯಾಟ್ ಸರಿ, ಉದ್ದದ ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ ಮುಚ್ಚುತ್ತದೆ, ಉಳಿದದ್ದು ನೆರಳು. 3 ಅಡಿಯ ಪಂಜರಕ್ಕೆ 24 ವ್ಯಾಟ್ ಸಾಕು. 12 ಪರ್ಸೆಂಟ್ ಮತ್ತು 14 ಪರ್ಸೆಂಟ್ ಯುವಿಬಿ ಪ್ರಮಾಣದ ಟ್ಯೂಬ್‌ಗಳ ನಡುವೆ ಆರಿಸುವಾಗ ಪಂಜರದ ಮುಚ್ಚಳ ನೋಡಿ. ದೀಪ ಪಂಜರದ ಒಳಗೇ ಇದ್ದರೆ 12 ಸಾಕು. ತಂತಿ ಜಾಳಿಗೆಯ ಮೇಲೆ ಇಡುವುದಾದರೆ, ಇಲ್ಲವೆ ಪಂಜರ ಎತ್ತರವಾಗಿದ್ದರೆ 14 ಒಳ್ಳೆಯದು. ಸಣ್ಣ ಕಣ್ಣಿನ ಜಾಳಿಗೆ ಯುವಿಬಿಯ ಮೂರನೇ ಒಂದು ಪಾಲಿಗೂ ಹೆಚ್ಚು ತಿಂದುಹಾಕಬಹುದು. ಸೊಳ್ಳೆ ಪರದೆಯಂಥ ನೇಯ್ಗೆ ಇನ್ನೂ ಹೆಚ್ಚು.

ರೆಪ್ಟಿಸನ್ 10.0 ಟ್ಯೂಬ್ ಬಲದಲ್ಲಿ ಆರ್ಕೇಡಿಯಾದ 12ರ ಹತ್ತಿರಕ್ಕೆ ಬರುತ್ತದೆ, ಟ್ಯೂಬಿನ ಬಗ್ಗೆ ತಕರಾರಿಲ್ಲ. ತೊಂದರೆ ಇರುವುದು ಅದರ ಫಿಟ್ಟಿಂಗ್‌ನಲ್ಲಿ. ಅಮೆರಿಕದಿಂದ ತರಿಸಿದ ಫಿಟ್ಟಿಂಗ್ 120 ವೋಲ್ಟ್‌ನದಾಗಿದ್ದರೆ ನಮ್ಮ ಪ್ಲಗ್ಗಿಗೆ ಹಾಕಿದೊಡನೆ ಬ್ಯಾಲಾಸ್ಟ್ ಸುಡುತ್ತದೆ. ಪೆಟ್ಟಿಗೆ ಮೇಲೆ 220–240 ವೋಲ್ಟ್ ಎಂದು ಬರೆದಿರುವುದನ್ನು ನೋಡಿಯೇ ಕೊಳ್ಳಿ. ಅಮೆರಿಕದ ಶಾಖದ ಬಲ್ಬ್‌ಗಳಿಗೂ ಇದೇ ಮಾತು.

ಟ್ಯೂಬ್ ಮಾತ್ರ ತರಿಸಿ ಫಿಟ್ಟಿಂಗನ್ನು ಊರಲ್ಲೇ ಕೊಂಡರಾಯಿತು ಎನ್ನುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಹುಬ್ಬಳ್ಳಿಯ ದುರ್ಗದ ಬೈಲ್ ಸುತ್ತಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಟಿ5 ಪಟ್ಟಿ ಕೇಳಿದರೆ ಈಗ ಕೊಡುವುದು ಬಹುಪಾಲು ಎಲ್‌ಇಡಿ. ಅದರಲ್ಲಿ ಬ್ಯಾಲಾಸ್ಟೇ ಇರುವುದಿಲ್ಲ, ಯುವಿಬಿ ಟ್ಯೂಬ್ ಹೊತ್ತುವುದಿಲ್ಲ. ಹಳೆಯ ದಾಸ್ತಾನಿನ ನಿಜವಾದ ಟಿ5 ಪಟ್ಟಿ ಸಿಕ್ಕರೂ ಅದು ಹೆಚ್ಚಾಗಿ 14, 21 ಅಥವಾ 28 ವ್ಯಾಟ್‌ನ ಸಾಮಾನ್ಯ ಬಗೆ. ಇಲ್ಲಿರುವ ಮೋಸ ಕಣ್ಣಿಗೆ ಕಾಣುವಂಥದಲ್ಲ: 14 ವ್ಯಾಟ್‌ನ ಸಾಮಾನ್ಯ ಟ್ಯೂಬೂ 24 ವ್ಯಾಟ್‌ನ ಎಚ್‌ಓ ಟ್ಯೂಬೂ ಒಂದೇ ಉದ್ದ, 21ಕ್ಕೂ 39ಕ್ಕೂ ಒಂದೇ ಉದ್ದ, 28ಕ್ಕೂ 54ಕ್ಕೂ ಒಂದೇ ಉದ್ದ. ಹೋಲ್ಡರಿಗೆ ಸರಿಯಾಗಿ ಕೂರುತ್ತದೆ, ಹೊತ್ತಿಕೊಳ್ಳುತ್ತದೆ, ಬೆಳ್ಳಗೆ ಉರಿಯುತ್ತದೆ; ಆದರೆ ಬ್ಯಾಲಾಸ್ಟ್ ಅರ್ಧ ಬಲದಲ್ಲಿ ನಡೆಸುತ್ತಿರುವುದರಿಂದ ಯುವಿಬಿ ಬರಬೇಕಾದಷ್ಟು ಬರುವುದಿಲ್ಲ. ಫಿಟ್ಟಿಂಗ್ ಮೇಲೆ ಎಚ್‌ಓ ಎಂದೂ ನಿಮ್ಮ ಟ್ಯೂಬಿನದೇ ವ್ಯಾಟ್ ಎಂದೂ ಬರೆದಿರಬೇಕು. ಮುಂದೆ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ತೆಗೆಯಿರಿ, ಪ್ಲಾಸ್ಟಿಕ್ಕೂ ಕಿಟಕಿ ಗಾಜೂ ಯುವಿಬಿಯನ್ನು ಒಳಗೆ ಬಿಡುವುದಿಲ್ಲ. ಕಿಟಕಿ ಗಾಜಿನ ಹಿಂದೆ ಬಿಸಿಲು ಬೀಳುವಲ್ಲಿ ಪಂಜರ ಇಟ್ಟಿದ್ದೇವೆ, ದೀಪ ಯಾಕೆ ಎನ್ನುವವರಿಗೂ ಉತ್ತರ ಇದೇ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಅಂಗಡಿಯಲ್ಲಿ ಬರೀ ಯುವಿ ಟ್ಯೂಬ್ ಎಂದು ಕೇಳಬೇಡಿ. ನೀರಿನ ಫಿಲ್ಟರಿಗೆ ಹಾಕುವ ಪಾರದರ್ಶಕ ಟ್ಯೂಬ್ ಕೊಟ್ಟುಬಿಡಬಹುದು. ಅದು 254 ನ್ಯಾನೋಮೀಟರ್‌ನ ಯುವಿಸಿ, ಕ್ರಿಮಿ ಕೊಲ್ಲಲು ಮಾಡಿದ್ದು. ಪ್ರಾಣಿಯ ಕಣ್ಣನ್ನೂ ನಿಮ್ಮ ಕಣ್ಣನ್ನೂ ಸುಡುತ್ತದೆ. ಬೇಕರಿ, ಹೋಟೆಲ್‌ಗಳಲ್ಲಿ ನೊಣ ಹಿಡಿಯಲು ಹಾಕುವ ನೀಲಿ ಟ್ಯೂಬ್ ಬರೀ ಯುವಿಎ, ಅದರಿಂದ ಡಿ3 ಆಗುವುದಿಲ್ಲ.

ದೂರ ಎಷ್ಟು? ಟ್ಯೂಬಿನಿಂದ ಕಲ್ಲಿಗಲ್ಲ, ಕಲ್ಲಿನ ಮೇಲೆ ಕೂತ ಪ್ರಾಣಿಯ ಬೆನ್ನಿಗೆ ಅಳೆಯಿರಿ. ಪ್ರತಿಫಲಕದ ಜೊತೆ 12 ಪರ್ಸೆಂಟ್ ಅಥವಾ 10.0 ಟ್ಯೂಬ್ ಒಳಗಿದ್ದರೆ 30ರಿಂದ 38 ಸೆಂಟಿಮೀಟರ್, ಜಾಳಿಗೆ ಮೇಲಿದ್ದರೆ 20ರಿಂದ 28. ಸರಿಯಾದ ಅಳತೆ ಬೇಕೆಂದರೆ ಸೋಲಾರ್‌ಮೀಟರ್ 6.5 ಎಂಬ ಕೈಯಳತೆಯ ಮೀಟರ್ ಯುವಿ ಸೂಚ್ಯಂಕವನ್ನೇ ತೋರಿಸುತ್ತದೆ. ಬೆನ್ನಿನ ಮಟ್ಟದಲ್ಲಿ 3ರಿಂದ 5 ಬಂದರೆ ಚೆನ್ನ, 7 ದಾಟಿದರೆ ದೀಪ ಎತ್ತಿ, 2ಕ್ಕಿಂತ ಕೆಳಗಿದ್ದರೆ ಕಲ್ಲು ಎತ್ತರಿಸಿ. ಮೀಟರ್ ದುಬಾರಿ, ಹುಬ್ಬಳ್ಳಿ, ಧಾರವಾಡ, ಗದಗದ ನಾಲ್ಕೈದು ಜನ ಸಾಕುವವರು ಕೂಡಿ ಒಂದು ತರಿಸಿಕೊಂಡರೆ ಎಲ್ಲರ ಟ್ಯೂಬೂ ಅಳೆದುಹೋಗುತ್ತದೆ. ಅಗ್ಗದಲ್ಲಿ ಸಿಗುವ ಬಣ್ಣ ಬದಲಾಗುವ ಕಾರ್ಡ್ ಯುವಿ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ದೀಪ ಯಾವಾಗಲೂ ಮೇಲಿನಿಂದ ಬೀಳಬೇಕು. ಡ್ರ್ಯಾಗನ್‌ನ ಹುಬ್ಬಿನ ಏಣು ಮೇಲಿನ ಬೆಳಕಿನಿಂದ ಕಣ್ಣು ಕಾಯುತ್ತದೆ, ಪಕ್ಕದಿಂದ ಬರುವ ಬೆಳಕಿಗೆ ಅಡ್ಡವಿಲ್ಲ.

ಟಿ5 ಎಚ್‌ಓ ಟ್ಯೂಬನ್ನು 12 ತಿಂಗಳಿಗೊಮ್ಮೆ ಬದಲಿಸಬೇಕು, ದಪ್ಪನೆಯ ಹಳೆ ಟಿ8 ಆದರೆ 6 ತಿಂಗಳಿಗೆ. ಕಣ್ಣಿಗೆ ಬೆಳಕು ಹಾಗೇ ಕಾಣುತ್ತಿರುತ್ತದೆ, ಯುವಿಬಿ ಮಾತ್ರ ಇಳಿದಿರುತ್ತದೆ. ಹಾಕಿದ ದಿನಾಂಕವನ್ನು ಟ್ಯೂಬಿನ ಲೋಹದ ತುದಿಯ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಕಳೆದ ವರ್ಷ ಚೆನ್ನಾಗಿ ತಿನ್ನುತ್ತಿದ್ದ ಡ್ರ್ಯಾಗನ್ ಈಗ ಮಂಕಾಗಿದ್ದರೆ ಮೊದಲ ಅನುಮಾನ ಆ ದಿನಾಂಕದ ಮೇಲೆ ಹೋಗಬೇಕು.

ಸುರುಳಿ ಬಲ್ಬ್, ಅಂದರೆ ಸಿಎಫ್‌ಎಲ್‌ನಂತೆ ಕಾಣುವ ಯುವಿಬಿ ಬಲ್ಬ್, ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಎಲ್ಲ ಕಡೆ ಮಾರಾಟವಾಗುತ್ತದೆ. ಅದರ ಯುವಿಬಿ ಅಂಗೈ ಅಗಲದ ಜಾಗಕ್ಕಷ್ಟೇ ಬೀಳುತ್ತದೆ, 20 ಸೆಂಟಿಮೀಟರ್ ದಾಟಿದರೆ ಲೆಕ್ಕಕ್ಕಿಲ್ಲದಷ್ಟು ಇಳಿಯುತ್ತದೆ. 40 ಸೆಂಟಿಮೀಟರ್ ಉದ್ದದ ಪ್ರಾಣಿಗೆ ತಲೆಗೆ ಸಿಕ್ಕರೆ ಬೆನ್ನಿಗಿಲ್ಲ. ಕಾಯಿಲೆ ಬಿದ್ದಾಗ ಇಡುವ ಆಸ್ಪತ್ರೆ ಡಬ್ಬಿಗೋ ಪುಟ್ಟ ಮರಿಯ ತಾತ್ಕಾಲಿಕ ಪೆಟ್ಟಿಗೆಗೋ ಸರಿ, ಖಾಯಂ ಮನೆಗೆ ಬೇಡ.

ಮರ್ಕ್ಯುರಿ ವೇಪರ್ ಬಲ್ಬ್ ಒಂದರಲ್ಲೇ ಶಾಖವೂ ಯುವಿಬಿಯೂ ಬರುತ್ತದೆ, ಬೆಳಕು ಧಾರಾಳ. ಕಾಗದದ ಮೇಲೆ ಇದು ಬಹಳ ಚೆನ್ನ. ಆದರೆ ನಮ್ಮ ಕಡೆ ಇದಕ್ಕೆ ಅಂಕ ಕಡಿಮೆ ಕೊಡಲೇಬೇಕು. ಕರೆಂಟ್ ಒಂದು ಕ್ಷಣ ಮಿಣುಕಿದರೂ, ವೋಲ್ಟೇಜ್ ಕುಸಿದರೂ ಈ ಬಲ್ಬ್ ಆರಿಹೋಗುತ್ತದೆ, ಪೂರ್ತಿ ತಣಿಯುವವರೆಗೆ ಮತ್ತೆ ಹೊತ್ತುವುದಿಲ್ಲ. ಮಳೆ-ಗಾಳಿಯ ದಿನ ಹೆಸ್ಕಾಂ ಕರೆಂಟ್ ಐದಾರು ಸಲ ಹೋಗಿಬರುವಾಗ ಡ್ರ್ಯಾಗನ್‌ಗೆ ಅರ್ಧ ದಿನ ಶಾಖವೇ ಇಲ್ಲದಂತಾಗುತ್ತದೆ. ಮೇಲಿಂದ ಇದನ್ನು ಡಿಮ್ಮರಿಗೆ ಹಾಕುವಂತಿಲ್ಲ, ಏಪ್ರಿಲ್‌ನಲ್ಲಿ ಹೊರಗೆ 37 ಡಿಗ್ರಿ ಇರುವಾಗ ಶಾಖ ತಗ್ಗಿಸಲು ದಾರಿಯೇ ಇಲ್ಲ.

ಟಿ5 ಕಿಟ್ ಜೊತೆ ಶಾಖಕ್ಕೆ ಸಾದಾ ಹ್ಯಾಲೋಜನ್ ಬಲ್ಬೇ ಒಳ್ಳೆಯದು, 50ರಿಂದ 100 ವ್ಯಾಟ್, ಪಂಜರದ ಅಳತೆ ನೋಡಿಕೊಂಡು. ಸಿಗದಿದ್ದರೆ ಹಳೆ ಕಾಲದ 100 ವ್ಯಾಟ್ ತಂತಿ ಬಲ್ಬ್ ನಡೆಯುತ್ತದೆ. ಸರೀಸೃಪದ ಬಲ್ಬ್‌ಗಳು ತಿರುಪಿನ ಇ27 ಬುಡದವು. ನಮ್ಮ ಮನೆಗಳ ಹೋಲ್ಡರ್ ಪಿನ್‌ನದು. ಪಿನ್ನಿನಿಂದ ತಿರುಪಿಗೆ ಬದಲಿಸುವ ಪ್ಲಾಸ್ಟಿಕ್ ಅಡಾಪ್ಟರ್ ಹಾಕಬೇಡಿ, ದಿನಕ್ಕೆ 12 ಗಂಟೆ ಉರಿಯುವ ಬಲ್ಬಿನ ಕಾವಿಗೆ ಅದು ಕರಗುತ್ತದೆ. ಪಿಂಗಾಣಿಯ ಇ27 ಹೋಲ್ಡರ್ ಮತ್ತು ಶಾಖ ತಡೆಯುವ ವೈರ್ ಕೇಳಿ ಪಡೆಯಿರಿ. ಬಲ್ಬ್ ಕೆಳಗಿನ ಕಲ್ಲಿನ ಮೇಲ್ಮೈ ದೊಡ್ಡವಕ್ಕೆ 38ರಿಂದ 42 ಡಿಗ್ರಿ, ತಂಪಿನ ತುದಿ 24ರಿಂದ 28. ಗಾಜಿಗೆ ಅಂಟಿಸುವ ಗುಂಡನೆಯ ಥರ್ಮಾಮೀಟರ್ ನಂಬಬೇಡಿ, ಅದು ಗೋಡೆಯ ಶಾಖ ತೋರಿಸುತ್ತದೆ. ಇನ್‌ಫ್ರಾರೆಡ್ ಗನ್ ಒಂದಿದ್ದರೆ ಕಲ್ಲಿನ ಮೇಲ್ಮೈಗೆ ಹಿಡಿದು ನೋಡಬಹುದು. ದಿನಕ್ಕೆ ಎರಡು ಸಲ, ದೀಪ ಹೊತ್ತಿಸಿ ಎರಡು ಗಂಟೆ ಆದ ಮೇಲೆ ಒಮ್ಮೆ, ಮಧ್ಯಾಹ್ನ ಒಮ್ಮೆ. ರಾತ್ರಿ ಕೆಂಪು, ನೀಲಿ ಬಲ್ಬ್ ಬೇಡವೇ ಬೇಡ, ನಿದ್ದೆ ಕೆಡಿಸುತ್ತವೆ. ಕೋಣೆ 18 ಡಿಗ್ರಿಗಿಂತ ಕೆಳಗೆ ಇಳಿಯುವ ಧಾರವಾಡದ ಜನವರಿ ರಾತ್ರಿಗಳಿಗೆ ಬೆಳಕು ಕೊಡದ ಸೆರಾಮಿಕ್ ಹೀಟರನ್ನು ಥರ್ಮೋಸ್ಟ್ಯಾಟ್ ಜೊತೆ ಹಾಕಿ.

ದೀಪ ಸರಿ ಇದೆಯೇ ಎಂಬುದನ್ನು ಪ್ರಾಣಿಯೇ ಹೇಳುತ್ತದೆ. ಬೆಳಿಗ್ಗೆ ಹೊತ್ತಿಸಿದಾಗ ಕಲ್ಲೇರಿ ಬೆನ್ನನ್ನು ರೊಟ್ಟಿಯಂತೆ ಚಪ್ಪಟೆ ಹರಡುತ್ತದೆ, ಚರ್ಮ ಕಪ್ಪಗಾಗಿರುತ್ತದೆ. ಶಾಖ ಏರಿದಂತೆ ಕಪ್ಪು ಹೋಗಿ ಹಳದಿ-ಕೇಸರಿ ಬರುತ್ತದೆ, ಹೊಟ್ಟೆ ಎತ್ತಿ ಕೂರುತ್ತದೆ, ಬಾಯಿ ಕೊಂಚ ತೆರೆಯುತ್ತದೆ, ಆಮೇಲೆ ಇಳಿದು ಹುಳು ಹುಡುಕುತ್ತದೆ. ಮಧ್ಯಾಹ್ನವಾದರೂ ಕಪ್ಪಗೇ ಚಪ್ಪಟೆ ಬಿದ್ದಿದ್ದರೆ ಶಾಖ ಸಾಲುತ್ತಿಲ್ಲ. ದೀಪದ ಕೆಳಗೆ ಬಂದೊಡನೆ ಕಣ್ಣು ಮುಚ್ಚಿ ಓಡಿಹೋಗುತ್ತಿದ್ದರೆ ದೂರ ಕಡಿಮೆಯಾಗಿದೆ ಅಥವಾ ಟ್ಯೂಬ್ ಕೆಟ್ಟ ಬಗೆಯದು.

ಟೈಮರ್ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ 13–14 ಗಂಟೆ, ಚಳಿಗಾಲದಲ್ಲಿ 10–11 ಗಂಟೆ ಬೆಳಕು ಬೇಕು. ಗುಂಡಿ ಒತ್ತುವ, ಚಕ್ರ ತಿರುಗುವ ಮೆಕ್ಯಾನಿಕಲ್ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತದೆ. ದಿನಕ್ಕೆ ಒಂದು ಗಂಟೆ ಕರೆಂಟ್ ಹೋದರೂ ವಾರದಲ್ಲಿ ದೀಪ ಏಳು ಗಂಟೆ ತಡವಾಗಿ ಹೊತ್ತಿ, ನಡುರಾತ್ರಿಯಲ್ಲೂ ಉರಿಯುತ್ತಿರುತ್ತದೆ. ಪ್ರಾಣಿಗೆ ಹಗಲು-ರಾತ್ರಿ ತಿಳಿಯದೆ ಊಟ ಬಿಡಲು ಇಷ್ಟು ಸಾಕು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ. ಟ್ಯೂಬನ್ನು ಇನ್ವರ್ಟರಿಗೆ ಸೇರಿಸುವುದಾದರೆ ಸೈನ್ ವೇವ್ ಇನ್ವರ್ಟರ್ ಇರಲಿ. ಸ್ಕ್ವೇರ್ ವೇವ್‌ನಲ್ಲಿ ಬ್ಯಾಲಾಸ್ಟ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಈಗ ಊಟ ಬಿಟ್ಟ ಪ್ರಾಣಿ ಮುಂದಿದೆ ಎಂದುಕೊಳ್ಳಿ. ಮೊದಲು ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಕಲ್ಲಿನ ಶಾಖ, ಟ್ಯೂಬಿನ ವಯಸ್ಸು, ದೂರ ನೋಡಿ ಸರಿಮಾಡಿ. ಶಾಖ ಸರಿಯಾಗುವವರೆಗೆ ಬಲವಂತದಿಂದ ತಿನ್ನಿಸಬೇಡಿ, ಅರಗದ ಊಟ ಇನ್ನಷ್ಟು ಕೆಡುಕು. ದೀಪ ಸರಿಯಾದ ಮೇಲೆ ಶಾಖದ ಕೊರತೆಯಿಂದ ಹೋದ ಹಸಿವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮರಳುತ್ತದೆ. ಕ್ಯಾಲ್ಸಿಯಂ ಕೊರತೆಯದಾದರೆ ವಾರಗಳೇ ಬೇಕು, ವೈದ್ಯರ ಔಷಧವೂ ಬೇಕಾದೀತು. ಪೊರೆ ಕಳಚುವಾಗ, ಹೊಸ ಜಾಗಕ್ಕೆ ಬಂದಾಗ, ಹೆಣ್ಣು ಮೊಟ್ಟೆ ಕಟ್ಟುವಾಗ ಕೆಲವು ದಿನ ಊಟ ಕಡಿಮೆಯಾಗುವುದು ಸಹಜ. ಒಂದು ವರ್ಷ ದಾಟಿದ, ತೂಕ ಇಳಿಯದ ಡ್ರ್ಯಾಗನ್ ಚಳಿಗಾಲದಲ್ಲಿ ವಾರಗಟ್ಟಲೆ ಮಲಗುವುದೂ ಉಂಟು. ಅದೇ ವರ್ಷ ತುಂಬದ ಮರಿ ಎರಡು-ಮೂರು ದಿನ ಏನೂ ತಿನ್ನದಿದ್ದರೆ, ಅಥವಾ ಯಾವುದೇ ಪ್ರಾಯದ್ದು ತೂಕದ ಹತ್ತನೇ ಒಂದು ಪಾಲು ಕಳೆದುಕೊಂಡರೆ ಕಾಯಬೇಡಿ. ಸರೀಸೃಪ ನೋಡುವ ವೈದ್ಯರು ನಮ್ಮ ಜಿಲ್ಲೆಗಳಲ್ಲಿ ವಿರಳ, ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಅಂದಿನ ತಾಜಾ ಹಿಕ್ಕೆಯನ್ನು ಚಿಕ್ಕ ಡಬ್ಬಿಯಲ್ಲಿ ಒಯ್ಯಿರಿ. ಕಾಕ್ಸಿಡಿಯಾ, ಪಿನ್‌ವರ್ಮ್‌ನಂಥ ಕರುಳಿನ ಪರಾವಲಂಬಿಗಳು ಸೂಕ್ಷ್ಮದರ್ಶಕದಲ್ಲಿ ಸಿಗುತ್ತವೆ, ಅವು ಇದ್ದರೆ ಎಂಥ ದೀಪ ಹಾಕಿದರೂ ಹಸಿವು ಪೂರ್ತಿ ಬರುವುದಿಲ್ಲ.

ಹಸಿವು ಮರಳಿಸಲು ರೇಷ್ಮೆಹುಳು ತುಂಬಾ ಒಳ್ಳೆಯದು, ಮೆತ್ತಗಿದೆ, ನೀರಿನಂಶ ಚೆನ್ನಾಗಿದೆ, ಕಂಡೊಡನೆ ಡ್ರ್ಯಾಗನ್ ಎರಗುತ್ತದೆ. ಹಾವೇರಿ ಸೀಮೆಯಲ್ಲಿ ರೇಷ್ಮೆ ಸಾಕುವವರಿದ್ದಾರೆ, ಕೇಳಿದರೆ ಕೊಡುತ್ತಾರೆ. ಆದರೆ ಜ್ವರ (ರೇಷ್ಮೆಹುಳು ಪೊರೆ ಕಳಚುವ ಹಂತ) ಬಿಟ್ಟೆದ್ದ ಹುಳುಗಳ ಮೇಲೆ ವಿಜೇತದಂಥ ಸೋಂಕುನಿವಾರಕ ಪುಡಿ ಉದುರಿಸುವ ರೂಢಿಯಿದೆ. ಪುಡಿ ಬಿದ್ದ ಹುಳು ಹಾಕಬೇಡಿ, ಪುಡಿ ಉದುರಿಸದ ತಟ್ಟೆಯಿಂದಲೇ ತನ್ನಿ. ಸೊಪ್ಪಿನಲ್ಲಿ ನುಗ್ಗೆ, ಹಿಪ್ಪುನೇರಳೆ ಎಲೆ, ದಾಸವಾಳದ ಹೂವು ಆಗುತ್ತವೆ. ಪಾಲಕ, ರಾಜಗಿರಿ ದಿನಾ ಬೇಡ, ಅವುಗಳ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಶುರುವಿನಲ್ಲಿ ಮನೆಯೊಳಗೆ ಬರುವ ಮಿಂಚುಹುಳು ಬಾಯಿಗೆ ಸಿಗದಂತೆ ನೋಡಿಕೊಳ್ಳಿ, ಒಂದೇ ಹುಳು ಪ್ರಾಣ ತೆಗೆಯಬಹುದು.

ಟಿ5 ಕಿಟ್‌ನ ಕೊರತೆಗಳನ್ನೂ ಹೇಳಬೇಕು. ಬೆಲೆ ಸುರುಳಿ ಬಲ್ಬಿನ ಹಲವು ಪಟ್ಟು. ಊರಲ್ಲಿ ಸಿದ್ಧವಾಗಿ ಸಿಗುವುದು ಕಡಿಮೆ, ತರಿಸಿಕೊಳ್ಳಬೇಕು. 34 ಇಂಚಿನ ತೆಳು ಗಾಜು ಕೊರಿಯರ್‌ನಲ್ಲಿ ಒಡೆಯುವ ಸಂಭವ ಇದೆ. ಪಾರ್ಸೆಲ್ ಬಿಚ್ಚುವಾಗಲೇ ವಿಡಿಯೋ ಮಾಡಿಕೊಳ್ಳಿ, ತುದಿಯ ಪಿನ್‌ಗಳು ಬಾಗಿಲ್ಲವೇ ನೋಡಿ, ಗಾಜಿನ ಮೇಲೆ ವ್ಯಾಟ್, ಎಚ್‌ಓ, ಯುವಿಬಿ ಪ್ರಮಾಣ ಮೂರೂ ಅಚ್ಚಾಗಿವೆಯೇ ಓದಿ. ಬರೀ ಪೆಟ್ಟಿಗೆ ಮೇಲೆ ಬರೆದಿದ್ದು ಟ್ಯೂಬಿನ ಮೇಲೆ ಏನೂ ಇಲ್ಲದಿದ್ದರೆ ವಾಪಸ್ ಮಾಡಿ. ಒಡೆದರೆ ಒಳಗೆ ಪಾದರಸ ಇರುತ್ತದೆ: ಡ್ರ್ಯಾಗನ್ ಅನ್ನು ಬೇರೆ ಕೋಣೆಗೆ ಒಯ್ದು, ಕಿಟಕಿ ತೆರೆದು, ಪೊರಕೆ-ವ್ಯಾಕ್ಯೂಮ್ ಬಳಸದೆ ಒದ್ದೆ ಕಾಗದದಲ್ಲಿ ಚೂರು ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿ. ವರ್ಷ ತುಂಬಿದ ಹಳೆ ಟ್ಯೂಬನ್ನೂ ಕಸದ ಗಾಡಿಯ ಹಸಿಕಸಕ್ಕೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ.